ಕೆರಳಿದ ಗಂಟು

ಕನಕಪುರ
6 ಜನವರಿ 2024

ಪ್ರತಿಮಾ,

ಡಬ್ಬಿ ಬಿಚ್ಚುವ ಮೊದಲು ಇದನ್ನು ಓದು. ಒಳಗಿರುವುದು ನನ್ನ ವಾರಗಿತ್ತಿ ನಯನಾಳ ಥೈರಾಯ್ಡ್ ಗಂಟಿನ ಸ್ಲೈಡುಗಳು, ಜೊತೆಗೆ ಅದೇ ಗಂಟಿನ ತುಂಡುಗಳನ್ನು ಹುದುಗಿಸಿದ ಮೇಣದ ಬಿಲ್ಲೆಗಳು. ಹತ್ತಿಯಲ್ಲಿ ಸುತ್ತಿ ಮಗಳ ಜಾಮಿಟ್ರಿ ಬಾಕ್ಸಿನಲ್ಲಿಟ್ಟಿದ್ದೇನೆ. ಒಡೆದಿದ್ದರೆ ಬೈಯಬೇಡ.

ಫೋನು ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಕಿವಿಗೆ ಹಚ್ಚಿಕೊಂಡರೆ ಏನೋ ಮುಚ್ಚಿಡುತ್ತಿದ್ದಾಳೆಂದು ಅರ್ಥ. ಮೈಸೂರಿನ ಹಾಸ್ಟೆಲಿನಲ್ಲಿ ವಾರ್ಡನ್‌ಗೆ ಓದಲು ಬಾರದಿರಲೆಂದು ನಾವಿಬ್ಬರು ಕಾನ್ವೆಂಟ್ ಹುಡುಗಿಯರು ಕನ್ನಡದಲ್ಲಿ ಚೀಟಿ ಬರೆದುಕೊಳ್ಳುತ್ತಿದ್ದೆವಲ್ಲ, ಇದೂ ಹಾಗೇ ಅಂದುಕೋ.

ನಯನಾ ನನ್ನ ಮೈದುನ ಪ್ರಕಾಶನ ಹೆಂಡತಿ. ನಮ್ಮ ಗೃಹಪ್ರವೇಶದಲ್ಲಿ ನೀನು ಅವಳನ್ನು ನೋಡುವುದಕ್ಕಿಂತ ಮೊದಲು ಕೇಳಿಸಿಕೊಂಡಿರುತ್ತೀಯ. ಕನಕಪುರದಿಂದ ರಾಮನಗರಕ್ಕೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. “ಇಂದಕ್ಕೋಗ್ರಣ್ಣ, ಇಂದ್ಗಡೆ ಏನ್ ಹುಲಿ ಕುಂತೈತಾ?” ಅಂತ ಅವಳು ಕೂಗಿದರೆ ಬಾಗಿಲಲ್ಲಿ ಜೋತುಬಿದ್ದ ಗಂಡಸರೆಲ್ಲ ಒಳಗೆ ಸರಿಯುತ್ತಾರೆ. ಅವಳ ಮುಂದೆ ನನ್ನ ಸ್ಕೂಲಿನ ಪಿ.ಟಿ. ಮೇಷ್ಟ್ರ ಸೀಟಿಯೂ ಏನೂ ಅಲ್ಲ.

ಒಂದು ವರ್ಷದಿಂದ ಕುತ್ತಿಗೆಯ ಬಲಕ್ಕೆ ಗಂಟು ಬೆಳೆದಿತ್ತು. ನೀರು ನುಂಗುವುದಕ್ಕೂ ಕಷ್ಟವಾದಾಗ, ನವೆಂಬರಿನಲ್ಲಿ ಇಲ್ಲಿಯ ನರ್ಸಿಂಗ್ ಹೋಮಿನಲ್ಲಿ ಆ ಬದಿಯ ಅರ್ಧ ಥೈರಾಯ್ಡನ್ನು ತೆಗೆದರು. ಲ್ಯಾಬಿನ ವರದಿ ಕ್ಯಾನ್ಸರ್ ಎಂದಿದೆ. ಬೆಂಗಳೂರಿನ ಸರ್ಜನ್ ಉಳಿದರ್ಧವನ್ನೂ ತೆಗೆಯಬೇಕು ಅನ್ನುತ್ತಾರೆ. ಆದರೆ ಸ್ಲೈಡುಗಳನ್ನು ಇನ್ನೊಬ್ಬ ಪೆಥಾಲಜಿಸ್ಟ್ ನೋಡಲಿ, ಕ್ಯಾನ್ಸರ್ ಅಲ್ಲವೆಂದರೆ ಕತ್ತರಿ ಮುಟ್ಟುವುದಿಲ್ಲ ಎಂದೂ ಹೇಳಿದ್ದಾರೆ. ನನಗೆ ಗೊತ್ತಿರುವ ಪೆಥಾಲಜಿಸ್ಟ್ ನೀನೊಬ್ಬಳೇ.

ನಯನಾ ಕೇಳುವುದು ಒಂದೇ ಪ್ರಶ್ನೆ: “ಗಂಟ್ಲಿಗೆ ಏನೂ ಆಗಾಕಿಲ್ವಾ ಅಕ್ಕ?” ಆಗುವುದಿಲ್ಲ ಎಂದು ಹೇಳಿದ್ದೇನೆ. ನಮ್ಮತ್ತೆ ಮಾರಕ್ಕ ಮಾತ್ರ ದಿನಕ್ಕೊಂದು ಮಾತು ಆಡುತ್ತಾರೆ. ಅವರ ಪ್ರಕಾರ ಈ ಮನೆಯಲ್ಲಿ ಯಾರಿಗೆ ಏನು ಬಂದರೂ ಯಾರೋ ತಂದದ್ದು.

ಬೇಗ ನೋಡು.

ಶ್ವೇತ

*

ಹುಬ್ಬಳ್ಳಿ
17 ಜನವರಿ 2024

ಶ್ವೇತ,

ಒಂದೂ ಒಡೆದಿಲ್ಲ. ಬಾಕ್ಸಿನ ಮುಚ್ಚಳದ ಮೇಲೆ ನಿನ್ನ ಮಗಳು ಸೂತ್ರಗಳನ್ನು ಗೀಚಿದ್ದಾಳೆ, ಒಂದು ತಪ್ಪಿದೆ.

ಎರಡು ಸಂಜೆ ನೋಡಿದೆ. ಸುಲಭದ ಕೇಸಲ್ಲ. ಇಂಥ ಗಂಟಿನ ಸುತ್ತ ತೊಗರಿಕಾಳಿನ ಸಿಪ್ಪೆಯ ಹಾಗೆ ಒಂದು ಕವಚವಿರುತ್ತದೆ. ಒಳಗಿನ ಜೀವಕಣಗಳು ನೋಡಲು ಒಳ್ಳೆಯದರಲ್ಲೂ ಕೆಟ್ಟದ್ದರಲ್ಲೂ ಒಂದೇ ತರಹ. ಅವು ಕವಚದೊಳಗೇ ಇದ್ದರೆ ಕ್ಯಾನ್ಸರ್ ಅಲ್ಲ. ಕವಚವನ್ನೋ ಅದರಲ್ಲಿನ ರಕ್ತನಾಳವನ್ನೋ ತೂರಿ ಹೊರಟಿದ್ದರೆ ಕ್ಯಾನ್ಸರ್. ನಾನು ನೋಡುವುದೆಲ್ಲ ಆ ಸಿಪ್ಪೆ ಹರಿದಿದೆಯೇ ಎಂಬುದನ್ನು. ನಯನಾಳದು ಒಂದು ಕಡೆ ಹರಿದಿದೆ.

ಉತ್ತರ ಹೇಳುವ ಮೊದಲು ನನಗೊಂದು ವಿಷಯ ಬೇಕು. ಆಪರೇಷನ್ನಿಗೆ ಮೊದಲು ಎಲ್ಲಿಯಾದರೂ, ಯಾವಾಗಲಾದರೂ, ಆ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿಸಿದ್ದಳೇ? ನರ್ಸಿಂಗ್ ಹೋಮಿನ ಕಾಗದದಲ್ಲಿ ಇಲ್ಲವೆಂದಿದೆ. ಕಾಗದವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಯನಾಳನ್ನೇ ಕೇಳಿ ಬರೆ.

ಯಾಕೆ ಕೇಳುತ್ತೇನೆಂದು ಹೇಳುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ಕಾರಣ ಗೊತ್ತಾದರೆ ಮನೆಯವರು ನಡೆದದ್ದನ್ನು ಹೇಳುವುದಿಲ್ಲ, ತಮಗೆ ಬೇಕಾದದ್ದನ್ನು ಹೇಳುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಅದನ್ನು. ಹೌದು ಅಥವಾ ಇಲ್ಲ, ಅಷ್ಟು ಸಾಕು.

ಪ್ರತಿಮಾ

*

ಕನಕಪುರ
25 ಜನವರಿ 2024

ಪ್ರತಿಮಾ,

ಇಲ್ಲ.

ಅಷ್ಟು ಸಾಕು ಎಂದಿದ್ದೀಯ. ಆದರೂ ಎರಡು ಮಾತು ಬರೆಯಬೇಕು ಅನ್ನಿಸಿತು. ನಮ್ಮತ್ತೆಯ ಅಕ್ಕ ದೊಡ್ಡಲಕ್ಷ್ಮಮ್ಮ ಎಂಬವರು ಮಾಗಡಿಯಲ್ಲಿದ್ದರು. ಎದೆಯಲ್ಲಿ ಗಂಟಾಯಿತು, ಯಾರೋ ಸೂಜಿ ಹಾಕಿ ಪರೀಕ್ಷೆ ಮಾಡಿಸಿದರು, ವರ್ಷ ತುಂಬುವುದರೊಳಗೆ ಹೋದರು. ಕರೆದುಕೊಂಡು ಹೋಗಿದ್ದು ಅವರ ಸೊಸೆ. ಆ ಸೊಸೆಯನ್ನು ಇವತ್ತಿಗೂ ಈ ಕಡೆಯ ಯಾವ ಮದುವೆಗೂ ಕರೆಯುವುದಿಲ್ಲ. “ಕೆಂಡ ಕೆದಕ್ದಂಗೆ ಕಣವ್ವ ಅದು” ಅನ್ನುತ್ತಾರೆ ಅತ್ತೆ. “ಗಂಟು ಸುಮ್ಕಿದ್ರೆ ಸುಮ್ಕಿರ್ತದೆ. ಸೂಜಿ ಆಕುದ್ರೆ ಕೆರಳ್ತದೆ.” ಇಂಥ ಮನೆಯಲ್ಲಿ ಯಾರು ಸೂಜಿ ಹಾಕಿಸುತ್ತಾರೆ, ನೀನೇ ಹೇಳು.

ನಿನ್ನಿಂದಲೂ ಅದೇ ಪ್ರಶ್ನೆ ಬರುತ್ತದೆಂದು ಎಣಿಸಿರಲಿಲ್ಲ. ಅತ್ತೆಯದು ಮೂಢನಂಬಿಕೆ ಎಂದು ಇಷ್ಟು ದಿನ ನಗುತ್ತಿದ್ದೆ. ದೊಡ್ಡ ಡಾಕ್ಟರೂ ಮೊದಲು ಕೇಳುವುದು ಅದನ್ನೇ ಎಂದಮೇಲೆ ಅದರಲ್ಲಿ ಏನೋ ಇರಬೇಕು. ಆ ಪತ್ರ ಬಂದಂದಿನಿಂದ ನನಗೆ ಊಟ ಸೇರುತ್ತಿಲ್ಲ. ಯಾಕೆಂದು ಕೇಳಬೇಡ, ನೀನೂ ಹೇಳಲಿಲ್ಲವಲ್ಲ.

ನಯನಾಳನ್ನು ಕೇಳಿದೆ. ಅವಳೂ ಇಲ್ಲವೆಂದಳು.

ಫೆಬ್ರವರಿ 12ಕ್ಕೆ ಆಪರೇಷನ್ನಿಗೆ ಹಾಸಿಗೆ ಕಾದಿರಿಸಿದ್ದಾರೆ. ನಿನ್ನ ವರದಿ ಅದಕ್ಕೆ ಮೊದಲು ಬರಲಿ.

ಶ್ವೇತ

*

ಹುಬ್ಬಳ್ಳಿ
3 ಫೆಬ್ರವರಿ 2024

ಶ್ವೇತ,

ವರದಿಯನ್ನು ಬೆಂಗಳೂರಿಗೆ ಇಮೇಲಿನಲ್ಲಿ ಕಳಿಸಿದ್ದೇನೆ, ಪ್ರತಿ ಇದರೊಂದಿಗಿದೆ. ಮೊದಲ ಲ್ಯಾಬು ಹೇಳಿದ್ದನ್ನೇ ನಾನೂ ಹೇಳಿದ್ದೇನೆ. ಕ್ಯಾನ್ಸರ್. ಕವಚ ತೂರಿದೆ, ಒಂದು ರಕ್ತನಾಳದೊಳಗೂ ಕಣಗಳಿವೆ. ಉಳಿದರ್ಧವನ್ನು ತೆಗೆಯುವುದು ಸರಿಯಾದ ಕ್ರಮ.

ಹರಿದ ಜಾಗದ ಪಕ್ಕದಲ್ಲೇ ಹಳೆಯ ರಕ್ತದ ಕಂದು ಕಲೆಯೂ, ಗಾಯ ಮಾಗಿದಂಥ ಒಂದು ಗೆರೆಯೂ ಇವೆ. ಅವು ಯಾಕಿವೆ ಎಂದು ಬಹಳ ಯೋಚಿಸಿದೆ. ಗಂಟು ತಾನಾಗಿಯೂ ಒಳಗೆ ರಕ್ತ ಸುರಿಸಿಕೊಳ್ಳುತ್ತದೆ, ಅದೇ ಇರಬೇಕು. ನಯನಾಳಿಗೆ ನಾನೇ ಫೋನು ಮಾಡೋಣವೆಂದು ಒಮ್ಮೆ ಅನ್ನಿಸಿತ್ತು. ಆದರೆ ನೀನು ಕೇಳಿದ್ದೀಯ, ಅವಳು ಹೇಳಿದ್ದಾಳೆ. ನಿನ್ನ ಮೇಲೆ ಮತ್ತೆ ವಿಚಾರಣೆ ನಡೆಸುವುದು ಸ್ನೇಹಕ್ಕೆ ತಕ್ಕದ್ದಲ್ಲ.

ನಿನ್ನ ಅತ್ತೆಯ ಮಾತಿಗೆ ಉತ್ತರ ಕೊಡಲು ನನಗೆ ಪುರುಸೊತ್ತಿಲ್ಲ. ಸೂಜಿ ಹಾಕಿದರೆ ಕ್ಯಾನ್ಸರ್ ಬರುವುದಿಲ್ಲ ಎಂದಷ್ಟು ಹೇಳು.

ಪ್ರತಿಮಾ

*

ಕನಕಪುರ
2 ಮಾರ್ಚ್ 2024

ಪ್ರತಿಮಾ,

ನಿನಗೆ ಬರೆಯಲು ತಡವಾಯಿತು. ಆಸ್ಪತ್ರೆ, ಮನೆ, ಸ್ಕೂಲಿನ ಪೂರ್ವಸಿದ್ಧತಾ ಪರೀಕ್ಷೆ.

ಆಪರೇಷನ್ ಆಯಿತು. ನಯನಾಳ ದನಿ ಹೋಯಿತು. ಥೈರಾಯ್ಡಿನ ಹಿಂದೆ ದಾರದಷ್ಟು ತೆಳ್ಳಗಿನ ನರ ಹೋಗುತ್ತದಂತೆ, ಗೊತ್ತಿರುತ್ತದೆ ನಿನಗೆ. ಎಡಗಡೆಯದಕ್ಕೆ ಪೆಟ್ಟಾಗಿದೆ, ಬಲಗಡೆಯದು ಮೊದಲ ಸಲವೇ ದುರ್ಬಲವಾಗಿತ್ತು ಎಂದರು. ಈಗ ಬರುವುದು ಉಸಿರು ಮಾತ್ರ. ನೀರು ಕುಡಿದರೆ ಕೆಮ್ಮು. ಆರು ತಿಂಗಳು ನೋಡೋಣ ಎನ್ನುತ್ತಾರೆ, ಆದರೆ ಹೇಳುವಾಗ ಅವಳ ಮುಖ ನೋಡುವುದಿಲ್ಲ.

ಅವಳ ಬಸ್ಸಿನ ಡ್ರೈವರ್ ಮುನಿಕೃಷ್ಣ ಎಳನೀರು ತಂದು ನೋಡಿಕೊಂಡು ಹೋದರು. “ನೀನಿಲ್ದೆ ಬಸ್ಸು ಹೆಣದ ಗಾಡಿ ಆಗೋಗೈತೆ ಕಣವ್ವ” ಎಂದರು. ನಯನಾ ಏನೋ ಹೇಳಿದಳು. ಅವರು ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದರು, ಇನ್ನೂ ಹತ್ತಿರ ತಂದರು, ಕೊನೆಗೆ ಕೇಳಿಸದೆಯೇ ಹೂಂ ಎಂದು ತಲೆಯಾಡಿಸಿದರು. ಕೇಳಿಸಲಿಲ್ಲವೆಂದು ಅವಳಿಗೂ ಗೊತ್ತಾಯಿತು. ಅವಳು ಕೇಳಿದ್ದು, ನನ್ನ ಸೀಟಿಗೆ ಯಾರು ಬಂದಿದ್ದಾರೆ ಎಂದು.

ಅತ್ತೆ ಅದಕ್ಕೂ ಒಂದು ಮಾತು ಹೊಂದಿಸಿದ್ದಾರೆ. ಹಿತ್ತಿಲಲ್ಲಿ ಹಿಪ್ಪುನೇರಳೆ ಎಲೆ ಬಿಡಿಸುತ್ತಾ, ಎಲ್ಲರ ಮುಂದೆ, “ಹೋದ್ರೆ ಹೋಗ್ಲಿ ಬುಡು, ಮನೇಲಿ ಒಸಿ ನೆಮ್ಮದಿ” ಎಂದರು. ಪ್ರಕಾಶ ನಕ್ಕ. ನಯನಾಳೂ ನಕ್ಕಳು. ಸದ್ದಿಲ್ಲದ ನಗುವನ್ನು ನೀನು ನೋಡಿರಲಾರೆ, ಬಾಯಿ ಸುಮ್ಮನೆ ತೆರೆದುಕೊಳ್ಳುತ್ತದೆ.

ಒಂದು ಸಮಾಧಾನವೆಂದರೆ ಈಗ ತೆಗೆದ ಅರ್ಧದಲ್ಲಿ ಏನೂ ಇರಲಿಲ್ಲವಂತೆ. ಗಾಯವೂ ಚೆನ್ನಾಗಿ ಮಾಗಿದೆ. ರಾಮನಗರದಿಂದ ಬಂದ ದಿನ ಕುತ್ತಿಗೆ ಬದನೆಕಾಯಿ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತಲ್ಲ, ಈ ಸಲ ಹಾಗೇನೂ ಆಗಲಿಲ್ಲ. ಒಳಗೆ ಏನಾದರೂ ಉಳಿದಿದ್ದರೆ ಸುಡಲೆಂದು ಏಪ್ರಿಲ್ 22ಕ್ಕೆ ರೇಡಿಯೋ ಅಯೋಡಿನ್ ಕುಡಿಸುತ್ತಾರೆ. ಆಮೇಲೆ ಸ್ವಲ್ಪ ದಿನ ಅವಳನ್ನು ಬೇರೆ ಕೋಣೆಯಲ್ಲಿಡಬೇಕಂತೆ.

ಶ್ವೇತ

*

ಹುಬ್ಬಳ್ಳಿ
11 ಮಾರ್ಚ್ 2024

ಶ್ವೇತ,

ಮೊದಲ ಆಪರೇಷನ್ ಆದದ್ದು ಕನಕಪುರದಲ್ಲಿ. ಎರಡನೆಯದು ಬೆಂಗಳೂರಿನಲ್ಲಿ. ಅವಳು ರಾಮನಗರದಿಂದ ಕುತ್ತಿಗೆ ಊದಿಸಿಕೊಂಡು ಬಂದದ್ದು ಯಾವಾಗ?

ಉತ್ತರ ನನಗೆ ಗೊತ್ತು. ಸ್ಲೈಡುಗಳನ್ನು ಮತ್ತೆ ತೆಗೆದೆ. ಮೇಣದ ಬಿಲ್ಲೆಗಳಿಂದ ಹೊಸ ತೆಳು ಪದರಗಳನ್ನು ಕೊಯ್ಯಿಸಿ ಇನ್ನೂ ಆಳಕ್ಕೆ ನೋಡಿದೆ. ಆ ಗಾಯದ ಗೆರೆ ಹೊರಗಿನಿಂದ ಒಳಕ್ಕೆ ನೇರವಾಗಿ ಹೋಗಿದೆ. ಅದು ಸೂಜಿಯ ದಾರಿ.

ಜನವರಿಯಲ್ಲಿ ಹೇಳದ ಕಾರಣವನ್ನು ಈಗ ಹೇಳುತ್ತೇನೆ. ಗಂಟಿಗೆ ಸೂಜಿ ಹೋದರೆ ಒಳಗೆ ರಕ್ತ ಸುರಿಯುತ್ತದೆ, ಒಂದಷ್ಟು ಭಾಗ ಸಾಯುತ್ತದೆ, ಉಳಿದದ್ದು ಗಾಯ ಮುಚ್ಚಿಕೊಳ್ಳಲು ಹೊಸದಾಗಿ ಬೆಳೆಯುತ್ತದೆ. ಸೂಜಿ ತೂರಿದ ಜಾಗದಲ್ಲಿ ಕವಚ ಹರಿದು, ಒಳಗಿನ ಕಣಗಳು ಆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತನಾಳದೊಳಗೂ ತಳ್ಳಲ್ಪಡುತ್ತವೆ. ನಮ್ಮ ಕಣ್ಣಿಗೆ ಅದು ಥೇಟು ಕ್ಯಾನ್ಸರ್ ಹರಡಿದ ಹಾಗೆಯೇ ಕಾಣುತ್ತದೆ. ಸೂಜಿ ಹಾಕಿದ್ದಾರೆಂದು ಗೊತ್ತಿದ್ದರೆ ಗಾಯ ಎನ್ನುತ್ತೇವೆ. ಗೊತ್ತಿಲ್ಲದಿದ್ದರೆ ಕ್ಯಾನ್ಸರ್ ಎನ್ನುತ್ತೇವೆ.

ನಯನಾಳಿಗೆ ಕ್ಯಾನ್ಸರ್ ಇರಲಿಲ್ಲ. ಎರಡನೆಯ ಆಪರೇಷನ್ ಬೇಕಿರಲಿಲ್ಲ.

ಪ್ರತಿಮಾ

*

ಕನಕಪುರ
30 ಮಾರ್ಚ್ 2024

ಪ್ರತಿಮಾ,

ಇದನ್ನು ಜನವರಿಯಲ್ಲಿ ಬರೆಯಲು ನಿನಗೆ ಏನು ಧಾಡಿಯಾಗಿತ್ತು?

ಒಂದೇ ಒಂದು ಸಾಲು. ‘ಸೂಜಿ ಹಾಕಿಸಿದ್ದರೆ ಅದು ಕ್ಯಾನ್ಸರ್ ಅಲ್ಲದಿರಬಹುದು.’ ಅಷ್ಟು ಬರೆದಿದ್ದರೆ ನಾನು ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದು ನಿನ್ನ ಮುಂದೆ ನಿಂತು ಹೌದು ಎನ್ನುತ್ತಿದ್ದೆ. ನೀನು ಪರೀಕ್ಷಕಿಯ ಹಾಗೆ ಕೇಳಿದೆ. ನಾನು ಅಪರಾಧಿಯ ಹಾಗೆ ಉತ್ತರಿಸಿದೆ.

ಅಕ್ಟೋಬರಿನಲ್ಲಿ ಪ್ರಕಾಶ ರೇಷ್ಮೆಗೂಡು ಮಾರಲು ರಾಮನಗರದ ಮಾರ್ಕೆಟ್ಟಿಗೆ ಹೊರಟಿದ್ದ. ರವಿಕೆ ಬಟ್ಟೆ ತರುತ್ತೇವೆಂದು ಹೇಳಿ ನಾವಿಬ್ಬರೂ ಅದೇ ಜೀಪು ಹತ್ತಿದೆವು. ಅವನು ಗೂಡಿನ ಹರಾಜಿನಲ್ಲಿದ್ದಾಗ ಸ್ಕ್ಯಾನಿಂಗ್ ಸೆಂಟರಿನಲ್ಲಿ ಸೂಜಿ ಹಾಕಿಸಿದೆ. ಓದಿದವಳು, ಪರೀಕ್ಷೆ ಮಾಡಿಸುವುದೇ ಸರಿ ಎಂದು ಅವಳನ್ನು ಒಪ್ಪಿಸಿದ್ದೂ ನಾನೇ. ಕುತ್ತಿಗೆ ಕಪ್ಪಾಯಿತು. ಬಸ್ಸಿನ ಕಂಬಿ ತಗುಲಿತು ಎಂದು ಮನೆಯಲ್ಲಿ ಹೇಳಿದೆವು. ವರದಿಯಲ್ಲಿ ಖಚಿತವಾಗಿ ಹೇಳಲಾಗದು ಎಂದಿತ್ತು, ಅದನ್ನು ನೀರೊಲೆಗೆ ಹಾಕಿದೆ. ನರ್ಸಿಂಗ್ ಹೋಮಿನ ಡಾಕ್ಟರು ಹಿಂದೆ ಏನಾದರೂ ಪರೀಕ್ಷೆ ಆಗಿದೆಯೇ ಎಂದಾಗ ಅತ್ತೆ ನನ್ನ ಮಗ್ಗುಲಲ್ಲೇ ನಿಂತಿದ್ದರು. ಇನ್ನೇನು ಹೇಳಲಿ ನಾನು?

ಈಗ ಕೇಳು. ಬಿಡದಿಯಿಂದ, ಚನ್ನಪಟ್ಟಣದಿಂದ ನೆಂಟರು ಬಂದು ಅವಳನ್ನು ನೋಡಿ ಹೋಗುತ್ತಿದ್ದಾರೆ. ಕ್ಯಾನ್ಸರ್ ಬಂದರೂ ಉಳಿದುಕೊಂಡಳು, ಗಟ್ಟಿಗಿತ್ತಿ ಎನ್ನುತ್ತಾರೆ. ಅತ್ತೆ ಕೂಡ ಮೊನ್ನೆ ಅವಳಿಗೆ ತಲೆ ಬಾಚಿದರು. ದನಿ ಕೊಟ್ಟು ಪ್ರಾಣ ಉಳಿಸಿಕೊಂಡೆ ಎಂದು ಅವಳು ನಂಬಿದ್ದಾಳೆ. ಅದನ್ನೂ ಕಿತ್ತುಕೊಂಡು, ನಿನ್ನ ದನಿ ಯಾವುದಕ್ಕೂ ಹೋಗಲಿಲ್ಲ, ಸುಮ್ಮನೆ ಹೋಯಿತು ಎಂದು ಹೇಳಬೇಕೆ? ಹೇಳಿ ಅವಳಿಗೇನು ಸಿಗುತ್ತದೆ? ನನಗೇನು ಸಿಗುತ್ತದೆಂದು ನನಗೆ ಗೊತ್ತು.

ಅಯೋಡಿನ್ ನಿಲ್ಲಿಸಿಬಿಡು. ಅದು ನಿನ್ನ ಕೈಯಲ್ಲಿದೆ. ಕಾರಣ ಹೇಳಬೇಡ. ಕಾರಣ ಹೇಳದಿರುವುದು ನಿನಗೆ ಅಭ್ಯಾಸವಿದೆ.

ಶ್ವೇತ

*

ಹುಬ್ಬಳ್ಳಿ
9 ಏಪ್ರಿಲ್ 2024

ಶ್ವೇತ,

ಬೆಂಗಳೂರಿನ ಸರ್ಜನ್ ಜೊತೆ ಮಾತಾಡಿ ಪರಿಷ್ಕೃತ ವರದಿ ಕಳಿಸಿದ್ದೇನೆ. ‘ಮರುಪರಿಶೀಲನೆಯಲ್ಲಿ ಕವಚದ ಬದಲಾವಣೆಗಳು ನಿರ್ಣಾಯಕವಲ್ಲ, ಮುಂದಿನ ಚಿಕಿತ್ಸೆಯ ಅಗತ್ಯ ಕಾಣುವುದಿಲ್ಲ’ ಎಂದು ಬರೆದಿದ್ದೇನೆ. ಅವರು ಹೆಚ್ಚು ಕೇಳಲಿಲ್ಲ. ದನಿಯ ವಿಷಯವನ್ನು ಯಾರೂ ಎತ್ತದಿರಲಿ ಎಂಬುದೇ ಅವರಿಗೂ ಬೇಕಿರುವ ಹಾಗಿತ್ತು. ಅಯೋಡಿನ್ ಇರುವುದಿಲ್ಲ.

ಸೂಜಿ ಎಂಬ ಪದ ಆ ವರದಿಯಲ್ಲಿಲ್ಲ. ನಿನ್ನ ಮೇಲಿನ ಕರುಣೆಯಿಂದಲ್ಲ. ಬರೆದರೆ, ರಕ್ತದ ಕಲೆ ಮೊದಲೇ ಕಂಡಿದ್ದರೂ ಫೆಬ್ರವರಿಯಲ್ಲಿ ಸಹಿ ಹಾಕಿದ್ದು ಹೇಗೆ ಎಂದು ನನ್ನನ್ನು ಕೇಳುತ್ತಾರೆ.

ನಯನಾಳಿಗೆ ಕಾಯಿಲೆಯಿಲ್ಲ ಎಂದು ಹೇಳುವ ಕೆಲಸ ನಿನ್ನದು. ಹೇಗೆ ಹೇಳುತ್ತೀಯೋ ನಿನಗೆ ಬಿಟ್ಟದ್ದು.

ಪ್ರತಿಮಾ

*

ಕನಕಪುರ
19 ಜೂನ್ 2024

ಡಾಕ್ಟರ್ ಪ್ರತಿಮಾ ಮೇಡಂ ಅವರಿಗೆ, ನಯನಾ ಮಾಡುವ ನಮಸ್ಕಾರಗಳು.

ನನ್ನ ನೆನಪು ನಿಮಗಿದೆಯೋ ಇಲ್ಲವೋ. ನಾನು ಶ್ವೇತಕ್ಕನ ವಾರಗಿತ್ತಿ. ಫೋನು ಮಾಡಿದರೆ ನಾನು ಮಾತಾಡುವುದು ನಿಮಗೆ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕನ ಮಗಳ ಕೈಲಿ ನಿಮ್ಮ ವಿಳಾಸ ಇಸಕೊಂಡೆ. ತಪ್ಪಿದ್ದರೆ ಕ್ಷಮಿಸಿ, ನಾನು ಕಲಿತದ್ದು ಸರ್ಕಾರಿ ಶಾಲೆಯಲ್ಲಿ.

ಏಪ್ರಿಲ್‌ನಲ್ಲಿ ಅಯೋಡಿನ್ ಔಷಧಿ ಕೊಡುತ್ತೇವೆ ಎಂದಿದ್ದರು. ಆಮೇಲೆ ಬೇಡ ಎಂದರು. ಇನ್ನು ಬರೋದೂ ಬೇಡ, ದಿನಾ ಒಂದು ಮಾತ್ರೆ ನುಂಗಿಕೊಂಡು ಇರಿ ಎಂದರು. ಯಾಕೆ ಎಂದು ನಮ್ಮ ಯಜಮಾನರು ಕೇಳಿದರೆ ಇನ್ನು ಅಗತ್ಯವಿಲ್ಲ ಎಂದರಂತೆ. ಮನೆಗೆ ಬಂದು ಹೇಳಿದಾಗ ನಮ್ಮತ್ತೆ ಬಾಗಿಲಲ್ಲೇ ಕುಂತುಬಿಟ್ಟರು. “ಔಸ್ತಿ ನಿಲ್ಸವ್ರೆ ಅಂದ್ಮೇಲೆ ಗೊತ್ತಾಗಾಕಿಲ್ವೇನ್ಲಾ ಪ್ರಕಾಸ? ಕೈ ಬುಟ್ಟವ್ರೆ” ಎಂದರು. ಹಂಗಾ ಅಕ್ಕ ಎಂದು ನಾನು ಶ್ವೇತಕ್ಕನ ಕಡೆ ನೋಡಿದೆ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಅವರು ನಿಮ್ಮ ಸ್ನೇಹಿತೆ, ಅವರಿಗೆ ಗೊತ್ತಿರುತ್ತದೆ. ಅವರು ಅತ್ತದ್ದರಿಂದ ನನಗೂ ಗೊತ್ತಾಯಿತು.

ನಾನೇನೂ ಅಳುತ್ತಾ ಕುಂತಿಲ್ಲ ಮೇಡಂ. ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಡಿಪೋದಲ್ಲಿ ಕುರ್ಚಿ ಕೆಲಸ ಕೊಡುತ್ತೇವೆ ಎಂದಿದ್ದರು, ಎಷ್ಟು ದಿನಕ್ಕೆ ಅಂತ ಹೋಗಲಿ. ನಮಗೆ ಮಕ್ಕಳಿಲ್ಲ. ನಾನು ಹೋದಮೇಲೆ ಇವರು ಒಬ್ಬರೇ ಆಗುತ್ತಾರೆ ಎಂದು ಅತ್ತೆ ಮಾಗಡಿ ಕಡೆ ಹೆಣ್ಣು ನೋಡಿದರು. ನಾನೂ ಹೋಗಿ ನೋಡಿ ಬಂದೆ, ಒಳ್ಳೆ ಹುಡುಗಿ, ಹುಳು ಮೇಯಿಸಲು ಬರುತ್ತದೆ. ನಾನೇ ಒಪ್ಪಿ ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಟ್ಟಿದ್ದೇನೆ. ಆಷಾಢ ಕಳೆದ ಮೇಲೆ ಮದುವೆ. ಅಷ್ಟರಲ್ಲಿ ನಾನು ತಾಯಿಮನೆಗೆ ಹೋಗುತ್ತೇನೆ. ಶ್ವೇತಕ್ಕ ದಿನಾ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾರೆ, ಬೇಡವೆಂದರೂ ಕೇಳುವುದಿಲ್ಲ. ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ.

ನಿಮ್ಮನ್ನು ಕೇಳಬೇಕಾಗಿದ್ದು ಒಂದಿದೆ. ಮೊದಲ ಆಪರೇಷನ್ನಿಗೂ ಮುಂಚೆ ನಾನು ರಾಮನಗರದಲ್ಲಿ ಗಂಟಿಗೆ ಸೂಜಿ ಹಾಕಿಸಿಕೊಂಡಿದ್ದೆ. ಅದನ್ನು ಯಾವ ಡಾಕ್ಟರಿಗೂ ಹೇಳಲಿಲ್ಲ, ನನ್ನನ್ನು ಯಾರೂ ಕೇಳಲೂ ಇಲ್ಲ. ಅತ್ತೆ ಮೊದಲಿಂದ ಹೇಳುತ್ತಿದ್ದರು ಸೂಜಿ ಹಾಕಿದರೆ ಕೆರಳುತ್ತದೆ ಎಂದು. ನಾನು ಓದಿದವಳ ಹಾಗೆ ಆಡಿದೆ. ನನ್ನ ಗಂಟು ಸೂಜಿಯಿಂದಲೇ ಹಿಂಗಾಯಿತಾ ಮೇಡಂ? ಅದರ ಒಳಗೆಲ್ಲ ನೋಡಿದವರು ನೀವೊಬ್ಬರೇ. ಹೌದು ಅಂದರೆ ಹೌದು ಅನ್ನಿ. ಯಾರನ್ನೂ ಬೈಕೊಳ್ಳದೆ ಹೋಗಬೇಕು ಎಂದು ಆಸೆ.

ನಾನು ಬರೆದದ್ದು ಶ್ವೇತಕ್ಕನಿಗೆ ತಿಳಿಯುವುದು ಬೇಡ. ಕರಕೊಂಡು ಹೋಗಿದ್ದು ಅವರೇ ಆದ್ದರಿಂದ ಅವರು ತಡಕೊಳ್ಳುವುದಿಲ್ಲ.

ಇಂತಿ,
ನಯನಾ

*

ಹುಬ್ಬಳ್ಳಿ
28 ಜೂನ್ 2024

ಶ್ವೇತ,

ನಯನಾಳ ಪತ್ರವನ್ನು ಇದರ ಜೊತೆಗಿಟ್ಟಿದ್ದೇನೆ. ನಿನಗೆ ತಿಳಿಯಬಾರದೆಂದು ಕೇಳಿಕೊಂಡಿದ್ದಾಳೆ. ಆದರೂ ಅದು ಇರಬೇಕಾದದ್ದು ನಿನ್ನ ಹತ್ತಿರ.

ನಾನು ಅವಳಿಗೆ ಉತ್ತರ ಬರೆಯುತ್ತಿಲ್ಲ. ಸ್ಲೈಡು ನೋಡುವವರು ರೋಗಿಗೆ ನೇರವಾಗಿ ಏನನ್ನೂ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹೇಳುವುದು ಚಿಕಿತ್ಸೆ ಕೊಟ್ಟವರ ಕೆಲಸ, ಇಲ್ಲವೇ ಮನೆಯವರ ಕೆಲಸ. ಬಹಳ ಯೋಚಿಸಿಯೇ ಈ ತೀರ್ಮಾನಕ್ಕೆ ಬಂದಿದ್ದೇನೆ.

ಅವಳು ಇನ್ನೂ ಮೂವತ್ತು ನಲವತ್ತು ವರ್ಷ ಬದುಕುತ್ತಾಳೆ. ಅವಳು ತಾಯಿಮನೆಗೆ ಹೊರಡುವ ಮೊದಲು ನೀನು ಹೇಳುವುದು ಒಳ್ಳೆಯದು. ಹೇಳಿದೆಯೋ ಇಲ್ಲವೋ ಎಂದು ನನಗೆ ಬರೆಯುವುದು ಬೇಡ.

ಪ್ರತಿಮಾ